ಗಾಂಧಿನಗರ ಚುಕ್ಕಿ ಭಾರತ: ಒಂದು ಹೆಸರಿನ ಬೆಲೆ

ಹೆಸರಿಗೆ ಬೆಲೆಯುಂಟೆಂಬುದು ನಮ್ಮ ಜನಕ್ಕೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಹೆಸರು ಕೆಡಬಾರದೆಂದು ಹೊಲ ಮಾರಿ ಸಾಲ ತೀರಿಸಿದ ಅಜ್ಜಂದಿರ ಕಥೆ ಎಷ್ಟೋ ಮನೆಗಳಲ್ಲಿ ಉಂಟು. ಆದರೆ ಹೆಸರನ್ನೇ ಹೊಲದಂತೆ ಅಳೆದು, ಎಲ್ಲೆ ಗುರುತಿಸಿ, ಇದಕ್ಕೆ ಇಷ್ಟು ಸಾವಿರವೆಂದು ಕೈಯಿಂದ ಕೈಗೆ ಮಾರುವ ವ್ಯಾಪಾರ ಮಾತ್ರ ನಮ್ಮ ಕಾಲದ್ದು. ಅಂತರ್ಜಾಲದ ತಾಣಕ್ಕೆ ಇಡುವ ಹೆಸರಿಗೆ, ಎಂದರೆ ಡೊಮೇನ್ ಎಂದು ಎಲ್ಲರೂ ಕರೆಯುವ ಆ ವಿಳಾಸಕ್ಕೆ, ಬೆಲೆ ಕಟ್ಟುವುದು ಹೇಗೆ? ಅದೂ ಆ ಹೆಸರು ಕನ್ನಡದ ಅಕ್ಷರಗಳಲ್ಲಿಯೇ ಇದ್ದರೆ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ಗಾಂಧಿನಗರದ ಒಂದು ಅಡ್ಡರಸ್ತೆಯಿಂದ ಬಂದುದು.

ನನ್ನ ಸೋದರಮಾವನವರು ಅಲ್ಲಿ ಒಂದು ಸಣ್ಣ ಮುದ್ರಣಾಲಯವನ್ನು ನಡೆಸುತ್ತಿದ್ದಾರೆ. ಒಂದು ಕಾಲಕ್ಕೆ ಸಿನಿಮಾ ಕರಪತ್ರಗಳ ಕೆಲಸವೇ ಅವರಿಗೆ ಅನ್ನವಾಗಿತ್ತು. ಈಗ ಲಗ್ನಪತ್ರಿಕೆ, ಬಿಲ್ಲುಪುಸ್ತಕ, ಗೃಹಪ್ರವೇಶದ ಆಹ್ವಾನಗಳು. ಕಳೆದ ವರ್ಷ ದಲ್ಲಾಳಿಯೊಬ್ಬ ಅಂಗಡಿಗೆ ಬಂದು, ಅವರ ಕಸುಬಿಗೆ ಸೇರಿದ ಒಂದು ಕನ್ನಡ ಪದವು ‘.ಭಾರತ’ ಎಂಬ ಕೊನೆಯೊಡನೆ ತನ್ನ ಹೆಸರಿನಲ್ಲಿ ನೋಂದಣಿಯಾಗಿದೆಯೆಂದೂ, 45,000 ರೂಪಾಯಿ ಕೊಟ್ಟರೆ ಬಿಟ್ಟುಕೊಡುವೆನೆಂದೂ ಹೇಳಿದನು. ಮಾವನ ಬಳಿ ಅಷ್ಟು ಹಣವಿತ್ತು. ಆದರೆ ಅದು ಕಾಗದ ಕತ್ತರಿಸುವ ಯಂತ್ರದ ದುರಸ್ತಿಗೆಂದು ತೆಗೆದಿರಿಸಿದ್ದು. ಅವರು ನನ್ನನ್ನು ಕರೆಸಿ ಕೇಳಿದರು:

“ಏನಯ್ಯಾ, ನೀನು ಓದ್ತಿರೋನು. ಈ ಹೆಸರು ಅಷ್ಟು ಬಾಳುತ್ತೇನೋ? ಬಾಳಲ್ಲ ಅಂತ ಸುಮ್ನೆ ಹೇಳಬೇಡ, ಯಾಕೆ ಅಂತ ಹೇಳು.”

“ಎರಡು ದಿನ ಟೈಮು ಕೊಡಿ ಮಾವ” ಎಂದೆ. ಎರಡು ದಿನ ಎರಡು ತಿಂಗಳಾಯಿತು. ಆ ವೇಳೆಯಲ್ಲಿ ತಿಳಿದುಕೊಂಡದ್ದನ್ನೂ, ಅದರಿಂದ ನನ್ನಲ್ಲಿ ಮೂಡಿದ ಅಭಿಪ್ರಾಯವನ್ನೂ ಸಹಪಾಠಿಗಳ ಮತ್ತು ಗುರುಗಳ ಮುಂದಿಡುತ್ತಿದ್ದೇನೆ. ದಲ್ಲಾಳಿಯ ಸರಕಿನ ಹೆಸರು ಬೇಡ. ಎಲ್ಲರಿಗೂ ಗೊತ್ತಿರುವ ‘ಗಾಂಧಿನಗರ’ ಎಂಬ ಮಾತನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ‘ಗಾಂಧಿನಗರ.ಭಾರತ’ ಎಂಬ ಹೆಸರು ಮಾರಾಟಕ್ಕೆ ಬಂತೆಂದು ಊಹಿಸಿದರೆ, ಅದರ ಬೆಲೆಯೆಷ್ಟು?

ಮೊದಲು ಸರಕಿನ ಸ್ವರೂಪವನ್ನು ನೋಡಬೇಕು. ಗಣಕಯಂತ್ರಗಳು ಒಂದನ್ನೊಂದು ಅಂಕಿಗಳಿಂದ ಗುರುತಿಸುತ್ತವೆ. ಮನುಷ್ಯರಿಗೆ ಅಂಕಿ ನೆನಪಿರುವುದಿಲ್ಲವಾದ್ದರಿಂದ ಅಂಕಿಯ ಬದಲಿಗೆ ಹೆಸರನ್ನಿಟ್ಟರು. ಈ ಏರ್ಪಾಡು ಹುಟ್ಟಿದಾಗ ಹೆಸರಿನಲ್ಲಿ ಇಂಗ್ಲಿಷಿನ 26 ಅಕ್ಷರ, ಹತ್ತು ಅಂಕಿ, ಒಂದು ಅಡ್ಡಗೆರೆ, ಇಷ್ಟಕ್ಕೆ ಮಾತ್ರ ಎಡೆಯಿತ್ತು. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು 1991ರಲ್ಲಿ. ಇತರ ಲಿಪಿಯ ಹೆಸರುಗಳನ್ನು ಹಳೆಯ ಏರ್ಪಾಡಿನೊಳಗೆ ತೂರಿಸುವ ಉಪಾಯ ಗೊತ್ತಾದದ್ದು 2003ರಲ್ಲಿ. ಆ ಉಪಾಯ ವೇಷ ಹಾಕಿಸುವುದು. ನಾವು ‘ಭಾರತ’ ಎಂದು ಕನ್ನಡದಲ್ಲಿ ಬರೆದರೆ, ತೆರೆಯ ಹಿಂದೆ ಅದು ‘ಎಕ್ಸ್, ಎನ್, ಎರಡು ಅಡ್ಡಗೆರೆ, 2, ಎಸ್, ಸಿ, ಆರ್, ಜೆ, 9, ಸಿ’ ಎಂಬ ವೇಷದಲ್ಲಿ ಓಡಾಡುತ್ತದೆ. ತೆರೆಯ ಮುಂದೆ ಮಾತ್ರ ಕನ್ನಡದ ಮುಖ. ನಾಟಕ ಕಂಪೆನಿಗಳನ್ನು ಕಂಡ ಗಾಂಧಿನಗರಕ್ಕೆ ಈ ವೇಷದ ವಿದ್ಯೆ ಅಪರಿಚಿತವೇನಲ್ಲ!

ಹೆಸರಿನ ಕೊನೆಯ ಭಾಗವೂ ದೇಶಭಾಷೆಯಲ್ಲಿರಲು ಅವಕಾಶವಾದದ್ದು 2010ರಲ್ಲಿ. ಅರಬ್ಬೀ ಲಿಪಿಯ ದೇಶಗಳು, ರಷ್ಯಾ ಮೊದಲಾದವು ಆ ವರ್ಷ ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲಿ ಪಡೆದವು. ಥಾಯ್ಲೆಂಡ್ ಕೂಡ ಥಾಯ್ ಲಿಪಿಯಲ್ಲಿ ಪಡೆಯಿತು. ನಮ್ಮಲ್ಲಿ 2014ರ ಆಗಸ್ಟಿನಲ್ಲಿ ದೇವನಾಗರಿಯ ‘ಭಾರತ’ ಜನರಿಗೆ ತೆರೆಯಿತು, ಕನ್ನಡದ ‘.ಭಾರತ’ ಆಮೇಲೆ ಸೇರಿತು. ಇಂದು 22 ಅನುಸೂಚಿತ ಭಾಷೆಗಳಿಗಾಗಿ ಇಂಥ 15 ಕೊನೆಗಳಿವೆ. ಇವನ್ನು ನೋಡಿಕೊಳ್ಳುವುದು ‘ನಿಕ್ಸಿ’ ಎಂದು ಕರೆಯಲ್ಪಡುವ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಯಾರೂ ಹಿಡಿಯದ ಹೆಸರನ್ನು ನೋಂದಾಯಿಸಲು ವರ್ಷಕ್ಕೆ ಕೆಲವು ನೂರು ರೂಪಾಯಿಗಳು ಸಾಕು. ಮುಖ್ಯವಾಗಿ ನೆನಪಿಡಬೇಕಾದದ್ದೆಂದರೆ, ಹೆಸರು ಯಾರ ಸ್ವಂತದ್ದೂ ಆಗುವುದಿಲ್ಲ. ಅದು ಗುತ್ತಿಗೆ. ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷ. ಹಣ ಕಟ್ಟುವುದನ್ನು ಮರೆತರೆ ಹೆಸರು ಮತ್ತೆ ಬೀದಿಗೆ ಬೀಳುತ್ತದೆ. ಆದುದರಿಂದ ದಲ್ಲಾಳಿ ಮಾವನಿಗೆ ಮಾರಲು ಬಂದದ್ದು ಸೈಟನ್ನಲ್ಲ, ಸೈಟಿನ ಗುತ್ತಿಗೆಯನ್ನು.

ಇನ್ನು ಅವನ ವಾದಗಳು. ಮೊದಲನೆಯದು ಹೋಲಿಕೆಯ ವಾದ. 2019ರಲ್ಲಿ ‘ವಾಯ್ಸ್’ ಎಂಬ ಒಂದೇ ಇಂಗ್ಲಿಷ್ ಪದ, ‘ಡಾಟ್ ಕಾಮ್’ ಕೊನೆಯೊಡನೆ, 3 ಕೋಟಿ ಡಾಲರಿಗೆ ಮಾರಾಟವಾಯಿತು. ಇದು ನಿಜ. ‘ಅಂಥದ್ದರ ಮುಂದೆ 45,000 ಯಾವ ಲೆಕ್ಕ?’ ಎಂದು ದಲ್ಲಾಳಿ ಕೇಳಿದನು. ಕೆಂಪೇಗೌಡ ರಸ್ತೆಯ ಮೂಲೆ ಸೈಟಿನ ದರವನ್ನು ಹೇಳಿ, ಇನ್ನೂ ರಸ್ತೆ, ನೀರು, ದೀಪ ಕಾಣದ ಬಡಾವಣೆಯ ಸೈಟನ್ನು ಮಾರುವವನ ಯುಕ್ತಿ ಇದೇ ಅಲ್ಲವೆ? ಹೋಲಿಕೆಯೆಂದರೆ ಅದೇ ಬೀದಿಯಲ್ಲಿ, ಅದೇ ಕಾಲದಲ್ಲಿ ಮಾರಿಹೋದ ಮತ್ತೊಂದು ಸೈಟಿನೊಡನೆ ಆಗಬೇಕು. ‘.ಭಾರತ’ದ ಬೀದಿಯಲ್ಲಿ ಮಾರಿಹೋದ ಹೆಸರುಗಳ ಒಂದಾದರೂ ಲೆಕ್ಕವನ್ನು ಕೊಡು ಎಂದರೆ ಅವನು ಕೊಡಲಿಲ್ಲ. ಹೋಲಿಕೆಯಿಲ್ಲದ ಕಡೆ ಹೇಳಿದ ದರ ಬೆಲೆಯಲ್ಲ, ಆಸೆ.

ಎರಡನೆಯದು ಅಳತೆಯ ವಾದ: ಹೆಸರು ಚಿಕ್ಕದಾದಷ್ಟೂ ಬೆಲೆ ಹೆಚ್ಚು. ಇಂಗ್ಲಿಷಿನಲ್ಲಿ ಇದು ಸರಿಯಿರಬಹುದು. ಅಲ್ಲಿ ಅಕ್ಷರ ಎಣಿಸಿದರೆ ಸಾಕು. ಕನ್ನಡದಲ್ಲಿ ಯಾವುದನ್ನು ಎಣಿಸಬೇಕು? ‘ಗಾಂಧಿನಗರ’ ಕಣ್ಣಿಗೆ ಐದು ಅಕ್ಷರ. ಯಂತ್ರದ ಲೆಕ್ಕದಲ್ಲಿ ದೀರ್ಘ, ಅನುಸ್ವಾರ, ಗುಡಿಸು ಎಲ್ಲ ಸೇರಿ ಎಂಟು. ‘ಜ್ಯೋತ್ಸ್ನೆ’ ಎಂಬ ಮಾತು ಕಣ್ಣಿಗೆ ಎರಡೇ ಅಕ್ಷರ. ಯಂತ್ರಕ್ಕೆ ಹತ್ತು ಸಂಜ್ಞೆ. ಫೋನಿನಲ್ಲಿ ಅದನ್ನು ಮೂಡಿಸುವವನ ಹೆಬ್ಬೆರಳಿಗೆ ಒಂದು ವ್ಯಾಯಾಮ. ಇದಕ್ಕೆ ಬದಲು ‘ನಗರ’, ‘ಕಮಲ’, ‘ಸರಳ’ ಎಂಬಂಥ ಮೂರಕ್ಷರದ ಮಾತುಗಳು ಎಲ್ಲ ಲೆಕ್ಕದಲ್ಲೂ ಮೂರೇ. ಆದುದರಿಂದ ಕನ್ನಡದ ಹೆಸರನ್ನು ಅಳೆಯುವಾಗ ಉದ್ದವನ್ನಲ್ಲ, ಬೆರಳಿಗೆ ಆಗುವ ಶ್ರಮವನ್ನು ಅಳೆಯಬೇಕು. ಒತ್ತಕ್ಷರ ಕಡಿಮೆಯಿರುವ ಉದ್ದ ಹೆಸರು, ಒತ್ತಕ್ಷರ ತುಂಬಿದ ಗಿಡ್ಡ ಹೆಸರಿಗಿಂತ ಮೇಲು. ಈ ಗುಟ್ಟು ಇಂಗ್ಲಿಷ್ ಮೊಳಕೋಲು ಹಿಡಿದ ದಲ್ಲಾಳಿಗೆ ತಿಳಿಯದು. ಪ್ರೌಢಶಾಲೆಯಲ್ಲಿ ಉಕ್ತಲೇಖನ ಬರೆದ ಪ್ರತಿಯೊಬ್ಬರಿಗೂ ತಿಳಿದಿದೆ.

ಉಕ್ತಲೇಖನದ ಮಾತು ಬಂದುದರಿಂದ ಕಾಗುಣಿತಕ್ಕೆ ಬರೋಣ. ನಮ್ಮ ಬಡಾವಣೆಯ ಹೆಸರು ‘ಗಾಂಧಿನಗರ’ವೋ, ‘ಗಾಂಧೀನಗರ’ವೋ? ಒಂದು ಸಂಜೆ ಅಲ್ಲಿಯ ಮುಖ್ಯರಸ್ತೆಗಳಲ್ಲಿ ನಡೆದು ಫಲಕಗಳನ್ನು ನೋಡಿದರೆ ಹ್ರಸ್ವವೂ ಸಿಗುತ್ತದೆ, ದೀರ್ಘವೂ ಸಿಗುತ್ತದೆ. ಬಾಯಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿಲ್ಲ. ಜಾಲಕ್ಕೆ ಮಾತ್ರ ಇವು ಎರಡು ಬೇರೆ ಬೇರೆ ಹೆಸರುಗಳು. ಒಂದನ್ನು ನಾನು, ಇನ್ನೊಂದನ್ನು ನನ್ನ ಪ್ರತಿಸ್ಪರ್ಧಿ ಹಿಡಿಯಬಹುದು. ನನ್ನ ಹೆಸರನ್ನು ಕೇಳಿಸಿಕೊಂಡ ಗಿರಾಕಿ ದೀರ್ಘ ಕೊಟ್ಟು ಬರೆದರೆ ನೇರ ಅವನ ಅಂಗಡಿಗೆ ಹೋಗಿ ನಿಲ್ಲುತ್ತಾನೆ. ಎಂದ ಮೇಲೆ ಒಂದು ಹೆಸರಿನ ಬೆಲೆಯನ್ನು ಕಟ್ಟುವಾಗ ಅದರ ಜೋಡಿ ಹೆಸರಿನ ಖರ್ಚನ್ನೂ ಕಳೆಯಬೇಕಷ್ಟೆ.

ಇದಕ್ಕಿಂತಲೂ ಸೂಕ್ಷ್ಮವಾದದ್ದು ಮತ್ತೊಂದಿದೆ. ಗಾಂಧಿನಗರ ತಲೆಬಾಗುವ ನಟನ ಹೆಸರನ್ನೇ ನೋಡಿ: ‘ರಾಜಕುಮಾರ್’ ಎಂದು ಬರೆಯುವವರಿದ್ದಾರೆ, ‘ರಾಜ್ ಕುಮಾರ್’ ಎಂದು ಬಿಡಿಸಿ ಬರೆಯುವವರಿದ್ದಾರೆ, ‘ರಾಜ್‌ಕುಮಾರ್’ ಎಂದು ಕೂಡಿಸಿ ಬರೆಯುವವರಿದ್ದಾರೆ. ಈ ಮೂರನೆಯ ರೂಪದಲ್ಲಿ ‘ಜ್’ ಮತ್ತು ‘ಕು’ಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಜ್ಞೆಯಿದೆ, ಅದು ಅವೆರಡನ್ನೂ ಬೇರ್ಪಡಿಸಿ ನಿಲ್ಲಿಸುತ್ತದೆ. ಅದನ್ನು ತೆಗೆದರೆ ‘ಕ’ಕಾರ ಒತ್ತಾಗಿ ‘ರಾಜ್ಕುಮಾರ್’ ಎಂದಾಗುತ್ತದೆ. ಜಾಲನಾಮಗಳ 2003ರ ನಿಯಮದ ಪ್ರಕಾರ ಆ ಕಾಣದ ಸಂಜ್ಞೆ ಅಳಿದುಹೋಗುತ್ತದೆ. 2008ರ ನಿಯಮ ಅದನ್ನು ಷರತ್ತಿನೊಡನೆ ಒಪ್ಪುತ್ತದೆ. ಎರಡು ನಿಯಮಗಳ ನಡುವೆ ಸಿಕ್ಕಿಬಿದ್ದ ಹೆಸರನ್ನು ಎಲ್ಲ ಕಡೆಯೂ ಒಂದೇ ರೀತಿ ನಡೆದೀತೆಂದು ನಂಬಿ ಹಣ ಹಾಕುವುದು ಜಾಣತನವಲ್ಲ. ಬಿಡುವು ಬಿಟ್ಟು ಬರೆಯಲಂತೂ ಜಾಲನಾಮದಲ್ಲಿ ಅವಕಾಶವೇ ಇಲ್ಲ.

ನೆರೆಯ ತೆಲುಗಿನ ವಿಚಾರವೂ ಇದೆ. ಕನ್ನಡ ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ಕೆಲವು ಅಕ್ಷರಗಳು, ಅದರಲ್ಲೂ ಅನುಸ್ವಾರದ ಸೊನ್ನೆ, ಎರಡರಲ್ಲೂ ಕಣ್ಣಿಗೆ ಒಂದೇ. ಯಂತ್ರಕ್ಕೆ ಮಾತ್ರ ಬೇರೆ. ಒಬ್ಬ ಮೋಸಗಾರ ಈ ಹೋಲಿಕೆಯನ್ನು ಬಳಸಿ ಬೇರೊಬ್ಬರ ಹೆಸರನ್ನು ಹೋಲುವ ಹೆಸರನ್ನು ಕಟ್ಟಬಲ್ಲ. ಬ್ರಾಹ್ಮೀ ಮೂಲದ ಲಿಪಿಗಳ ಬಗ್ಗೆ ವಿಚಾರ ಮಾಡಲು ಕೂಡಿದ ತಜ್ಞರ ಮಂಡಲಿಯು 2019ರಲ್ಲಿ ಕನ್ನಡಕ್ಕಾಗಿ ಸಿದ್ಧಪಡಿಸಿದ ನಿಯಮಗಳಲ್ಲಿ ಈ ಹೋಲಿಕೆಯ ಅಕ್ಷರಗಳನ್ನು ಗಣನೆಗೆ ತೆಗೆದುಕೊಂಡಿದೆ. ಅಂತೂ ಕನ್ನಡದ ಹೆಸರಿಗೆ ಬೆಲೆ ಕಟ್ಟಲು ಕನ್ನಡ ವ್ಯಾಕರಣ ಬೇಕು. ಥಾಯ್ ಭಾಷೆಯಲ್ಲಿ ಪದಪದಗಳ ನಡುವೆ ಬಿಡುವು ಬಿಡುವ ಪದ್ಧತಿಯಿಲ್ಲ. ಸ್ವರಚಿಹ್ನೆಗಳು ವ್ಯಂಜನದ ಮೇಲೆ, ಕೆಳಗೆ, ಹಿಂದೆ, ಮುಂದೆ ಬರುತ್ತವೆ. ಥಾಯ್ ಹೆಸರೊಂದು ಕಿವಿಗೆ ಹೇಗೆ ಕೇಳುತ್ತದೆ, ಕೈಗೆ ಹೇಗೆ ಬರುತ್ತದೆ ಎಂದು ಬ್ಯಾಂಕಾಕಿನ ಅಂಗಡಿಯವನಲ್ಲದೆ ನ್ಯೂಯಾರ್ಕಿನ ದಲ್ಲಾಳಿ ಹೇಳಲಾರ. ಅಂತೆಯೇ ನಮ್ಮ ಹೆಸರಿನ ಬೆಲೆಯನ್ನೂ ನಾವೇ ಹೇಳಬೇಕು.

ಮೂರನೆಯ ವಾದ ಅಭಾವದ್ದು: ‘ಈ ಪದ ಒಂದೇ ಇದೆ, ಇನ್ನೊಬ್ಬ ಕೊಂಡರೆ ಹೋಯಿತು.’ ಇಲ್ಲಿ ನಮ್ಮ ಭಾಷೆಯೇ ಮಾವನ ನೆರವಿಗೆ ಬಂತು. ಕನ್ನಡದಲ್ಲಿ ಸಮಾಸ ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಎಣೆಯಿಲ್ಲ. ‘ಮುದ್ರಣ’ ಸಿಗದಿದ್ದರೆ ‘ಗಾಂಧಿನಗರಮುದ್ರಣ’; ಅದೂ ಸಿಗದಿದ್ದರೆ ‘ನಮ್ಮಮುದ್ರಣ’, ‘ಮುದ್ರಣಮನೆ’, ‘ಅಚ್ಚುಮನೆ’. ಹೀಗೆ ಕೆಲವು ನೂರು ರೂಪಾಯಿಗೆ ಅಷ್ಟೇ ಒಳ್ಳೆಯ ಹೆಸರು ದೊರೆಯುವಾಗ, ಮೊದಲನೆಯ ಹೆಸರಿಗೆ ಅದಕ್ಕಿಂತ ಬಹಳ ಹೆಚ್ಚು ಕೊಡಲು ಕಾರಣವಿಲ್ಲ. ಬದಲಿ ವಸ್ತುವಿನ ಬೆಲೆಯೇ ವಸ್ತುವಿನ ಬೆಲೆಗೆ ಮೇಲಿನ ಎಲ್ಲೆಯೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕೇಳಿದ್ದು ಅಂಗಡಿಯಲ್ಲಿ ಉಪಯೋಗಕ್ಕೆ ಬಂತು.

ಕೊನೆಗೆ ಆದಾಯದ ಲೆಕ್ಕ. ಮುನ್ನೂರು ಲಗ್ನಪತ್ರಿಕೆಗಳ ಒಂದು ಆರ್ಡರಿನಲ್ಲಿ ಮಾವನಿಗೆ ಸುಮಾರು 1,500 ರೂಪಾಯಿ ಉಳಿಯುತ್ತದೆ. 45,000 ಹಿಂದಕ್ಕೆ ಬರಬೇಕಾದರೆ ಆ ಹೆಸರೊಂದರ ದೆಸೆಯಿಂದಲೇ ಮೂವತ್ತು ಹೊಸ ಆರ್ಡರುಗಳು ಬರಬೇಕು. ಹೆಸರು ಇದುವರೆಗೆ ಯಾರನ್ನಾದರೂ ಎಲ್ಲಿಗಾದರೂ ಕರೆತಂದಿದೆಯೆ? ಇಲ್ಲ. ದಲ್ಲಾಳಿ ಅದನ್ನು ಬೀಗ ಹಾಕಿದ ಮನೆಯಂತೆ ಇಟ್ಟುಕೊಂಡಿದ್ದನು. ಒಳಗೆ ತಾಣವಿಲ್ಲ, ಬಂದು ಹೋಗುವವರಿಲ್ಲ.

ನನ್ನ ಮುಖ್ಯ ಅಭಿಪ್ರಾಯ ಇಲ್ಲಿದೆ. ಹೆಸರಿನ ಬೆಲೆ ಹೆಸರಿನೊಳಗಿಲ್ಲ. ಅದನ್ನು ಬಳಸುವವರ ನಾಲಗೆಯ ಮೇಲಿದೆ. ಗಾಂಧಿನಗರದ ಪಕ್ಕದಲ್ಲೇ ಇದಕ್ಕೆ ಸಾಕ್ಷಿ. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಬಸ್ ನಿಲ್ದಾಣವಾಯಿತು. ಅದಕ್ಕೆ ಕೆಂಪೇಗೌಡರ ಹೆಸರನ್ನಿಟ್ಟರು. ಮೆಟ್ರೋ ಬಂದ ಮೇಲೆ ಅದಕ್ಕೂ ನಾಡಪ್ರಭುವಿನ ಹೆಸರೇ. ಎಲ್ಲವೂ ಯೋಗ್ಯವೇ. ಆದರೂ ಚಾಮರಾಜಪೇಟೆಯಿಂದ ಹೊರಟ ಅಜ್ಜಿ ಕಂಡಕ್ಟರನಿಗೆ ಹೇಳುವುದು ‘ಒಂದು ಮೆಜೆಸ್ಟಿಕ್’ ಎಂದೇ. ಆ ಹೆಸರನ್ನು ಕೊಟ್ಟ ಮೆಜೆಸ್ಟಿಕ್ ಚಿತ್ರಮಂದಿರ ಇಂದಿಲ್ಲ. ಕಟ್ಟಡ ಹೋಯಿತು, ಪರದೆ ಹೋಯಿತು, ಹೆಸರು ಉಳಿಯಿತು. ‘ಗಾಂಧಿನಗರ’ದ ಕಥೆಯೂ ಇದೇ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ದೇಶದ ಹೆಚ್ಚಿನ ಜನಕ್ಕೆ ಅದು ಗುಜರಾತಿನ ರಾಜಧಾನಿ. ಕನ್ನಡಿಗನಿಗೆ ಅದು ಕನ್ನಡ ಚಿತ್ರೋದ್ಯಮಕ್ಕೇ ಪರ್ಯಾಯ ಪದ. ಕಪಾಲಿಯಂಥ ಚಿತ್ರಮಂದಿರಗಳು ಮರೆಯಾದರೂ ಪತ್ರಿಕೆಗಳು ಇಂದಿಗೂ ‘ಗಾಂಧಿನಗರದ ಸುದ್ದಿ’ ಎಂದೇ ಬರೆಯುತ್ತವೆ. ಈ ಅರ್ಥವನ್ನು ಯಾರೂ ನೋಂದಣಿ ಮಾಡಿಸಲಿಲ್ಲ. ಜನ ಆಡಿ ಆಡಿ ಗಳಿಸಿದ್ದು. ಕನ್ನಡ ಲಿಪಿಯಲ್ಲಿ ಬರೆದ ಕೂಡಲೆ ಆ ಗಳಿಕೆಯೆಲ್ಲ ಹೆಸರಿನ ಬೆನ್ನಿಗೆ ನಿಲ್ಲುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಅರ್ಧ ಗುಜರಾತಿಗೆ ಹೋಗುತ್ತದೆ.

ನ್ಯಾಯಸ್ಥಾನವೂ ಇದನ್ನು ಬೇರೆ ಮಾತುಗಳಲ್ಲಿ ಒಪ್ಪಿದೆ. ಜಾಲನಾಮಗಳ ಬಗ್ಗೆ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಪ್ರಸಿದ್ಧ ತೀರ್ಪಿನ ಮೊಕದ್ದಮೆ ಹುಟ್ಟಿದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಎಂಬುದು ಅನೇಕರಿಗೆ ತಿಳಿದಿರಲಾರದು. ಸತ್ಯಂ ಇನ್ಫೋವೇ ಸಂಸ್ಥೆ ತನ್ನ ಹೆಸರಿನ ಅಕ್ಷರಗಳಿಂದ ‘ಸಿಫಿ’ ಎಂಬ ಹೊಸ ಮಾತನ್ನು ಕಟ್ಟಿ 1999ರಿಂದ ಬಳಸುತ್ತಿತ್ತು. 2001ರಿಂದ ಮತ್ತೊಂದು ಸಂಸ್ಥೆ ಇಂಗ್ಲಿಷಿನಲ್ಲಿ ಒಂದು ‘ಎಫ್’ ಹೆಚ್ಚಿಗೆ ಸೇರಿಸಿ ‘ಸಿಫ್ಫಿನೆಟ್’ ಎಂದು ವ್ಯವಹರಿಸತೊಡಗಿತು. ಸಿವಿಲ್ ನ್ಯಾಯಾಲಯ ತಾತ್ಕಾಲಿಕ ತಡೆ ಕೊಟ್ಟಿತು. ಉಚ್ಚ ನ್ಯಾಯಾಲಯ ಅದನ್ನು ತೆಗೆಯಿತು. 2004ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಎತ್ತಿಹಿಡಿಯಿತು. ಜಾಲನಾಮ ಬರಿಯ ವಿಳಾಸವಾಗಿ ಉಳಿದಿಲ್ಲ, ವ್ಯಾಪಾರದ ಗುರುತೂ ಆಗಿದೆ. ಒಬ್ಬನು ಬಳಸಿ ಗಳಿಸಿದ ಹೆಸರನ್ನು ಇನ್ನೊಬ್ಬನು ಹೋಲಿಕೆಯಿಂದ ಕಸಿಯಬಾರದು ಎಂಬುದು ಅದರ ತಾತ್ಪರ್ಯ. ಗಮನಿಸಬೇಕಾದದ್ದು: ರಕ್ಷಣೆ ದೊರೆತದ್ದು ಹೆಸರನ್ನು ಬಳಸಿ ಬೆಳೆಸಿದವನಿಗೆ.

ಹಾಗಾದರೆ ಕನ್ನಡ ಜಾಲನಾಮವೇ ವ್ಯರ್ಥವೆ? ಇಂಗ್ಲಿಷಿನದೇ ಸಾಕೆ? ಹೀಗೆನ್ನುವ ಗೆಳೆಯರು ನಮ್ಮ ತರಗತಿಯಲ್ಲೂ ಇದ್ದಾರೆ. ಅವರ ಆಕ್ಷೇಪಣೆಗಳಲ್ಲಿ ಹುರುಳಿಲ್ಲದಿಲ್ಲ. ಈಗ ವಿಳಾಸವನ್ನು ಕೈಯಾರೆ ಬರೆಯುವವರೇ ಕಡಿಮೆ. ಎಳನೀರಿನ ಗಾಡಿಯ ಮೇಲೂ ಚೌಕುಳಿ ಚಿತ್ರ ಅಂಟಿಸಿರುತ್ತಾರೆ, ಫೋನು ಹಿಡಿದರೆ ಕೆಲಸವಾಯಿತು. ಮೇಲಾಗಿ ಕನ್ನಡದ ಹೆಸರು ಎಲ್ಲ ಕಡೆ ನಡೆಯುವುದಿಲ್ಲ. ಇದನ್ನು ನಾನೇ ಪರೀಕ್ಷಿಸಿದೆ. ದಲ್ಲಾಳಿಯನ್ನು ಬಿಟ್ಟು, ಮಾವನ ಅಂಗಡಿಯ ಸ್ವಂತ ಹೆಸರನ್ನೇ ಕನ್ನಡದಲ್ಲಿ ನೋಂದಾಯಿಸಿದೆವು. ನಾಲ್ಕು ಫೋನುಗಳಲ್ಲಿ ತೆರೆದು ನೋಡಿದೆವು. ಮೂರರಲ್ಲಿ ಚೆನ್ನಾಗಿ ತೆರೆಯಿತು. ನಾಲ್ಕನೆಯದರಲ್ಲಿ ತಾಣ ಬಂದರೂ ವಿಳಾಸ ಆ ‘ಎಕ್ಸ್ ಎನ್’ ವೇಷದಲ್ಲೇ ಕಾಣಿಸಿತು. ಸಂದೇಶದಲ್ಲಿ ಕಳುಹಿಸಿದಾಗ ಒಂದು ಕಡೆ ಅದು ಒತ್ತಿದರೆ ತೆರೆಯುವ ಕೊಂಡಿಯಾಗದೆ ಸುಮ್ಮನೆ ಅಕ್ಷರವಾಗಿಯೇ ಉಳಿಯಿತು. ಒಂದು ಅರ್ಜಿ ನಮೂನೆಯಂತೂ ‘ಇದು ಸರಿಯಾದ ವಿಳಾಸವಲ್ಲ’ ಎಂದು ತಿರಸ್ಕರಿಸಿಬಿಟ್ಟಿತು! ಎಲ್ಲ ಲಿಪಿಯ ಹೆಸರುಗಳನ್ನೂ ಎಲ್ಲ ಯಂತ್ರಗಳೂ ಸಮನಾಗಿ ಸ್ವೀಕರಿಸಬೇಕೆಂದು ಜಗತ್ತಿನಾದ್ಯಂತ ಪ್ರಯತ್ನ ನಡೆದಿದೆ. 2023ರಿಂದ ಅದಕ್ಕಾಗಿ ಒಂದು ದಿನಾಚರಣೆಯೂ ಇದೆ. ಆದರೂ ದಾರಿ ಇನ್ನೂ ಉಳಿದಿದೆ.

ಈ ಕೊರತೆಗಳಿಂದ ಕನ್ನಡದ ಹೆಸರಿನ ಇಂದಿನ ಮಾರುಕಟ್ಟೆಯ ದರ ಕಡಿಮೆಯೆಂದು ಒಪ್ಪುತ್ತೇನೆ. ಆದರೆ ದರವೇ ಬೆಲೆಯಲ್ಲ. ಚೌಕುಳಿ ಚಿತ್ರವನ್ನು ಫೋನು ಓದುತ್ತದೆ. ಮನುಷ್ಯ ಓದಲಾರ, ಬಾಯಿಂದ ಬಾಯಿಗೆ ಹೇಳಲಾರ. ದೊಡ್ಡ ಸಂಸ್ಥೆಗಳ ಜಾಲದಲ್ಲಿ ತೆರೆದ ಪುಟ ಪುಕ್ಕಟೆಯಿರಬಹುದು. ಆದರೆ ಅದು ಪರರ ಜಗಲಿ. ಅವರು ಏಳು ಎಂದರೆ ಏಳಬೇಕು. ಸ್ವಂತ ಹೆಸರು ಗುತ್ತಿಗೆಯದಾದರೂ, ಕರಾರು ನಮ್ಮ ಹೆಸರಿನಲ್ಲಿರುತ್ತದೆ.

ಇನ್ನೊಂದು ವಿಚಿತ್ರವನ್ನು ನೋಡಿ. ಅಂಗಡಿಗಳ ಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕು, ಅದು ಮೇಲುಗಡೆಯಿರಬೇಕು ಎಂದು 2024ರಲ್ಲಿ ನಮ್ಮ ರಾಜ್ಯ ಕಾನೂನು ತಿದ್ದುಪಡಿ ಮಾಡಿತು. ಅದಕ್ಕೆ ಮುಂಚೆ, 2023ರ ಡಿಸೆಂಬರಿನಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ದೊಡ್ಡ ಚಳವಳಿಯೂ ಆಯಿತು. ಫಲಕಗಳು ಕನ್ನಡವಾದವು. ಆದರೆ ಅದೇ ಫಲಕದ ಕೆಳಗೆ ಜಾಲವಿಳಾಸ ಬರೆದಿದ್ದರೆ ಅದು ಇಂಗ್ಲಿಷಿನಲ್ಲಿ. ಕಲ್ಲು ಮಣ್ಣಿನ ಬೀದಿಯಲ್ಲಿ ಕನ್ನಡಕ್ಕಾಗಿ ಕೂಗುವ ನಾವು, ಜಾಲದ ಬೀದಿಯಲ್ಲಿ ನಮ್ಮ ಫಲಕವನ್ನು ನಾವೇ ಹಾಕಿಕೊಳ್ಳಲು ಯಾವ ಕಾನೂನನ್ನು ಕಾಯುತ್ತಿದ್ದೇವೆ? 2021ರ ಆರಂಭದಲ್ಲಿ ನಿಕ್ಸಿಯು ‘ಡಾಟ್ ಇನ್’ ಹೆಸರು ಪಡೆದವರಿಗೆ ದೇಶಭಾಷೆಯ ಹೆಸರೊಂದನ್ನು ಉಚಿತವಾಗಿ ಕೊಡುವ ಯೋಜನೆಯನ್ನು ಸಾರಿತು. ಪುಕ್ಕಟೆ ಸಿಕ್ಕ ಹೆಸರನ್ನು ಕೂಡ ಬಳಸಿದರೆ ಮಾತ್ರ ಬೆಲೆ. ಬಳಸದೆ ಪೆಟ್ಟಿಗೆಯಲ್ಲಿಟ್ಟರೆ ಅದು ಹಳೆಯ ಲಾಟರಿ ಚೀಟಿ.

ಇದೇ ಕಾರಣಕ್ಕೆ ದಲ್ಲಾಳಿಯ ವ್ಯಾಪಾರವನ್ನು ನಾನು ಒಪ್ಪಲಾರೆ. ಅವನು ಮಾಡಿದ್ದು ಕಾನೂನಿಗೆ ವಿರುದ್ಧವಲ್ಲದಿರಬಹುದು. ಆದರೆ ನಾಲ್ಕು ಜನ ಬಳಸಬಹುದಾಗಿದ್ದ ಒಳ್ಳೆಯ ಕನ್ನಡ ಮಾತಿಗೆ ಬೇಲಿ ಹಾಕಿ, ತಾನೂ ಬಿತ್ತದೆ ಪರರಿಗೂ ಬಿಡದೆ, ಬೆಲೆಯೇರಲೆಂದು ಕಾಯುವುದರಿಂದ ಆ ಬಡಾವಣೆಯೇ ಪಾಳು ಬೀಳುತ್ತದೆ. ಪಾಳುಬಿದ್ದ ಬಡಾವಣೆಯಲ್ಲಿ ಅವನ ಸೈಟಿಗೂ ಬೆಲೆ ಬಾರದು.

ಎರಡು ತಿಂಗಳಾದ ಮೇಲೆ ಮಾವನಿಗೆ ಹೀಗೆ ಹೇಳಿದೆ: “ಮಾವ, ಆ ಹೆಸರಿಗೆ ನೋಂದಣಿ ಖರ್ಚು, ಅದರ ಮೇಲೆ ಅವನ ಓಡಾಟಕ್ಕೆ ಅಂತ ಒಂದೆರಡು ಸಾವಿರ, ಅಷ್ಟೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಬೇಡ. ನಮ್ಮ ಹೆಸರು ಬಿಲ್ಲಿನ ಮೇಲೆ, ಬೋರ್ಡಿನ ಮೇಲೆ ಹಾಕಿ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದೆರಡು ಸಾವಿರಾನೂ ಯಾಕೆ? ನಂದೇ ಹೆಸರು ಇದೆಯಲ್ಲ” ಎಂದರು. ದಲ್ಲಾಳಿ ಮತ್ತೆ ಬಂದು 20,000ಕ್ಕೆ ಇಳಿದು, ಆಮೇಲೆ 8,000ಕ್ಕೆ ಇಳಿದು, ಕೊನೆಗೆ ಬರುವುದನ್ನು ನಿಲ್ಲಿಸಿದನು. ಯಂತ್ರ ದುರಸ್ತಿಯಾಯಿತು. ಅಂಗಡಿಯ ಬಿಲ್ಲಿನ ತಲೆಯ ಮೇಲೆ ಈಗ ಕನ್ನಡದ ವಿಳಾಸ ಅಚ್ಚಾಗುತ್ತದೆ. ಅದರಿಂದ ಇದುವರೆಗೆ ಬಂದ ಆರ್ಡರು ಎರಡು. ಅವುಗಳಲ್ಲಿ ಒಂದು ಮಾಗಡಿ ಕಡೆಯ ಹಿರಿಯರೊಬ್ಬರದು. ಯಾರದೋ ಬಿಲ್ಲಿನ ಮೇಲೆ ಓದಿ, ಮೊಮ್ಮಗಳ ಕೈಯಲ್ಲಿ ಬರೆಸಿ ನೋಡಿದರಂತೆ. “ಇಂಗ್ಲಿಷಾಗಿದ್ರೆ ನಾನು ಓದ್ತಿರಲಿಲ್ಲ ಸ್ವಾಮಿ” ಎಂದರಂತೆ. ಎರಡು ಆರ್ಡರಿನಿಂದ ಬಂದದ್ದು ಮೂರು ಸಾವಿರ ರೂಪಾಯಿ. ನೋಂದಣಿಯ ಖರ್ಚು ಕಳೆದರೂ ಲಾಭವೇ.

ಕೊನೆಯದಾಗಿ ನಮ್ಮ ಕಾಲೇಜಿನ ವಿಚಾರ. ಈ ವಾರ್ಷಿಕ ಸಂಚಿಕೆ ಪ್ರತಿವರ್ಷ ಅಚ್ಚಾಗಿ, ಹಂಚಿಹೋಗಿ, ಕೆಲವು ಪ್ರತಿಗಳು ಗ್ರಂಥಾಲಯದ ಬೀರುವಿನಲ್ಲಿ ಉಳಿಯುತ್ತವೆ. ಹಳೆಯ ಸಂಚಿಕೆಗಳನ್ನೆಲ್ಲ ಒಂದೆಡೆ ಓದಲು ಸಿಗುವಂತೆ, ಕನ್ನಡ ಅಕ್ಷರದಲ್ಲೇ ಒಂದು ಜಾಲನಾಮವನ್ನು ಪಡೆದು ಇಡಬಾರದೇಕೆ? ಖರ್ಚು ವರ್ಷಕ್ಕೆ ಕೆಲವು ನೂರು ರೂಪಾಯಿ. ನಮ್ಮ ವಿದ್ಯಾರ್ಥಿ ಸಂಘದ ಕಾಫಿಯ ಖರ್ಚಿಗಿಂತ ಕಡಿಮೆ. ಹೆಸರನ್ನು ಆರಿಸುವ ಕೆಲಸವನ್ನು ಕನ್ನಡ ವಿಭಾಗದ ಗುರುಗಳು ವಹಿಸಿಕೊಳ್ಳಲಿ: ಕಾಗುಣಿತ ಒಂದೇ ಆ��ಿರಬೇಕು, ಒತ್ತಕ್ಷರ ಕಡಿಮೆಯಿರಬೇಕು, ಕೇಳಿದಂತೆ ಬರೆಯಲು ಬರಬೇಕು. ಅದು ಎಲ್ಲಿ ತೆರೆಯುವುದಿಲ್ಲವೋ ಅಲ್ಲಿಯವರಿಗೆ ಪತ್ರ ಬರೆಯುವ ಕೆಲಸ ವಿದ್ಯಾರ್ಥಿಗಳಾದ ನಮ್ಮದಿರಲಿ. ಹತ್ತು ವರ್ಷದ ಗುತ್ತಿಗೆ ತೀರುವ ದಿನ ಹಣ ಕಟ್ಟಲು ಮರೆಯದವರೊಬ್ಬರು ಕಚೇರಿಯಲ್ಲಿದ್ದರೆ ಸಾಕು. ಪ್ರಾಂಶುಪಾಲರೂ ಸಂಪಾದಕ ಮಂಡಲಿಯೂ ಈ ಸಲಹೆಯನ್ನು ಪರಿಶೀಲಿಸಬೇಕೆಂದು ವಿನಯದಿಂದ ಕೋರುತ್ತೇನೆ.